ಉಕ್ಕಿನ ಮೇಲಿನ ಸಣ್ಣಕ್ಷರ: ಹಳೆಯ ಜಪಾನೀ ಸೈಕಲ್ಲಿನ ಕಾಲವೂ ಬೆಲೆಯೂ

ಕಾಲವನ್ನು ತನ್ನೊಳಗೆ ಮುಚ್ಚಿಟ್ಟುಕೊಂಡಿರುವ ವಸ್ತುವಿನಿಂದ ಅದನ್ನು ಹೊರತೆಗೆಯುವ ವಿದ್ಯೆಗೆ ಚಿತ್ರದುರ್ಗದ ನೆಲ ಹಳೆಯ ಪಾಠಶಾಲೆ. ಕೋಟೆಯ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿಯೂ, ಮಾರ್ಟಿಮರ್ ವೀಲರ್ ಅವರು 1947ರಲ್ಲಿಯೂ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯವೂ ಅಲ್ಲಿ ದೊರೆತು, ಹೆಸರಿಲ್ಲದ ಮಣ್ಣಿನ ಪದರಗಳಿಗೆ ಕ್ರಿಸ್ತಶಕದ ಆದಿಭಾಗವೆಂಬ ಕಾಲವನ್ನು ಸಕಾರಣವಾಗಿ ಕೊಡುವುದು ಸಾಧ್ಯವಾಯಿತು. ಅಲ್ಲಿ ಅನುಸರಿಸಿದ ನ್ಯಾಯ ಬಹು ಸರಳವಾದದ್ದು: ಒಂದು ಪದರ ತನ್ನೊಳಗೆ ಸಿಕ್ಕಿದ ಅತ್ಯಂತ ಈಚಿನ ನಾಣ್ಯಕ್ಕಿಂತ ಹಿಂದಿನದಾಗಿರಲಾರದು. ಈ ಅಧ್ಯಾಯದಲ್ಲಿ ಅದೇ ನ್ಯಾಯವನ್ನು ನಲವತ್ತು ಐವತ್ತು ವರ್ಷ ವಯಸ್ಸಾದ ಒಂದು ಯಂತ್ರಕ್ಕೆ, ಎಂದರೆ ಬಾಗಿದ ಹ್ಯಾಂಡಲ್ಲಿನ ಜಪಾನೀ ಗೇರ್ ಸೈಕಲ್ಲಿಗೆ, ಅನ್ವಯಿಸಿ ನೋಡಬೇಕೆಂದಿದ್ದೇನೆ.

ನಮ್ಮ ಸೀಮೆಯ ಸೈಕಲ್ಲು ಇದಲ್ಲ. ಹಿರಿಯೂರಿನ ಸಂತೆಗೂ ಹೊಸದುರ್ಗದ ತೆಂಗಿನ ತೋಟಗಳಿಗೂ ಎರಡು ಮೂರು ತಲೆಮಾರು ಓಡಾಡಿದ ಕಪ್ಪು ಸೈಕಲ್ಲುಗಳು ರ‍್ಯಾಲಿ, ಹರ್ಕ್ಯುಲಿಸ್, ಫಿಲಿಪ್ಸ್ ಎಂಬ ಹೆಸರಿನವು; ಮೊದಲಿಗೆ ನಾಟಿಂಗ್‌ಹ್ಯಾಮ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳಿಂದ ಹಡಗೇರಿ ಬಂದು, ಸ್ವಾತಂತ್ರ್ಯಾನಂತರ ಅಂಬತ್ತೂರು, ಅಸನ್ಸೋಲ್‌ಗಳಲ್ಲಿ ತಯಾರಾದವು. ಆಮದಿನ ಮೇಲೆ ನಿರ್ಬಂಧವಿದ್ದ ದಶಕಗಳಲ್ಲಿ ಜಪಾನೀ ಸೈಕಲ್ಲು ಇಲ್ಲಿಗೆ ಬಂದದ್ದು ವಿದೇಶದಲ್ಲಿ ಓದಿಯೋ ದುಡಿದೋ ಹಿಂದಿರುಗಿದವರ ಸಾಮಾನಿನೊಡನೆ ಮಾತ್ರ. ಈಚೆಗೆ ಬೆಂಗಳೂರಿನ ಹವ್ಯಾಸಿಗಳ ಕೈದಾಟಿಯೂ ಕೆಲವು ಬರುತ್ತಿವೆ. ವಿರಳವಾದ್ದರಿಂದಲೇ ಅದರ ವಿಷಯದಲ್ಲಿ ಎರಡು ಬಗೆಯ ಅನ್ಯಾಯ ನಡೆಯುತ್ತದೆ: ಅರಿಯದವನು ಉತ್ತಮವಾದದ್ದನ್ನು ಗುಜರಿಯ ತೂಕಕ್ಕೆ ಹಾಕುತ್ತಾನೆ, ಅರ್ಧ ಅರಿತವನು ಸಾಧಾರಣವಾದದ್ದಕ್ಕೆ ಹೊಸ ಮೋಟಾರುಬೈಕಿನ ಬೆಲೆ ಹೇಳುತ್ತಾನೆ. ಇವೆರಡಕ್ಕೂ ಪರಿಹಾರ ಒಂದೇ. ಬಣ್ಣವನ್ನೂ ಹೆಸರಿನ ಚೀಟಿಯನ್ನೂ ಬದಿಗಿಟ್ಟು, ಉಕ್ಕು ಏನು ಹೇಳುತ್ತದೆಂಬುದನ್ನು ಕೇಳಬೇಕು. ಅದು ಹೇಳುವಷ್ಟು ಸ್ಪಷ್ಟವಾಗಿ ಮತ್ತಾರೂ ಹೇಳಲಾರರು.

ಜಪಾನಿನ ಒಸಾಕಾ ನಗರದ ದಕ್ಷಿಣಕ್ಕೆ ಸಾಕಾಯಿ ಎಂಬ ಊರುಂಟು. ಲೋಹದ ಕೆಲಸ ಅಲ್ಲಿ ಪ್ರಾಚೀನ ಕಾಲದಿಂದ ನಡೆದುಬಂದ ವೃತ್ತಿ. 1543ರಲ್ಲಿ ಪೋರ್ಚುಗೀಸರು ತನೆಗಾಶಿಮಾ ದ್ವೀಪಕ್ಕೆ ಬಂದೂಕನ್ನು ತಂದ ಮೇಲೆ ಸಾಕಾಯಿಯ ಕಮ್ಮಾರರು ಅದನ್ನು ನೋಡಿ ಮಾಡಿ ಪ್ರಸಿದ್ಧರಾದರು. ಬಂದೂಕಿನ ಕಾಲ ಮುಗಿದಾಗ ಚಾಕುಕತ್ತಿಗಳಿಗೂ, ಸೈಕಲ್ಲು ಬಂದಾಗ ಅದರ ದುರಸ್ತಿಗೂ, ಅಲ್ಲಿಂದ ಬಿಡಿಭಾಗಗಳ ತಯಾರಿಕೆಗೂ ಅವರ ಕೌಶಲ ಹರಿಯಿತು. ಶೊಝಾಬುರೊ ಶಿಮಾನೊ ಎಂಬವರು 1921ರಲ್ಲಿ ಸಾಕಾಯಿಯಲ್ಲಿ ಕಬ್ಬಿಣದ ಕಾರ್ಖಾನೆಯೊಂದನ್ನು ತೆರೆದು ಮೊದಲು ಮಾಡಿದ್ದು ಫ್ರೀವೀಲನ್ನು. ಟೋಕಿಯೋದ ಮಿಯಾತ ಸಂಸ್ಥೆಯ ಮೂಲಪುರುಷನೂ ಬಂದೂಕು ಮಾಡುವವನೇ. ಕೊನೊಸುಕೆ ಮತ್ಸುಷಿತ ಬಾಲ್ಯದಲ್ಲಿ ಒಸಾಕಾದ ಸೈಕಲ್ ಅಂಗಡಿಯೊಂದರಲ್ಲಿ ಆಳಾಗಿ ದುಡಿದವನು. 1923ರಲ್ಲಿ ಅವನು ಹೊರತಂದ ಸೈಕಲ್ಲಿನ ವಿದ್ಯುದ್ದೀಪ ಅವನ ಸಂಸ್ಥೆಯನ್ನು ನೆಲೆಗೊಳಿಸಿದ ವಸ್ತುಗಳಲ್ಲೊಂದು, ಮತ್ತು ಮುಂದೆ ಪ್ಯಾನಸಾನಿಕ್ ಎಂಬ ಹೆಸರಿನ ಸೈಕಲ್ಲುಗಳೂ ಆ ಸಂಸ್ಥೆಯಿಂದಲೇ ಬಂದವು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಗೇರ್ ಸೈಕಲ್ಲಿನ ಹುಚ್ಚು ಹಬ್ಬಿ ಯುರೋಪಿನ ಕಾರ್ಖಾನೆಗಳಿಂದ ಪೂರೈಸಲಾಗದೆ ಹೋದಾಗ, ಫ್ಯೂಜಿ, ಮಿಯಾತ, ಬ್ರಿಡ್ಜ್‌ಸ್ಟೋನ್, ನಿಶಿಕಿ, ಸೆಂಚೂರಿಯನ್ ಎಂಬ ಹೆಸರುಗಳು ಜಗತ್ತಿನ ಬೀದಿಗೆ ಬಂದದ್ದು ಹೀಗೆ.

ಇನ್ನು ಪರೀಕ್ಷೆಗೆ ಬರೋಣ. ಹಿರಿಯೂರಿನ ಸೈಕಲ್ ಷಾಪೊಂದರಲ್ಲಿ ಇಂಥ ಒಂದು ಮಿಯಾತವನ್ನು ತಲೆಕೆಳಗಾಗಿ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಪೆಡಲ್ಲಿನ ನಡುವಣ ಕೊಳವೆಯ, ಎಂದರೆ ಬಿ.ಬಿ. ಡಬ್ಬಿಯ, ಅಡಿಭಾಗವನ್ನು ಉಜ್ಜಿ ನೋಡುವ ಅವಕಾಶ ನನಗೆ ದೊರೆಯಿತು. ದಶಕಗಳ ಮಣ್ಣೂ ಗ್ರೀಸೂ ಸೇರಿ ಕಪ್ಪು ಅರಗಿನಂತಾಗಿದ್ದ ಪದರ ಬಿಟ್ಟುಕೊಂಡಾಗ, ಮೊದಲು 'ಎಲ್' ಎಂಬ ಇಂಗ್ಲಿಷ್ ಅಕ್ಷರವೂ ಅದರ ಹಿಂದೆ ಅಂಕಿಗಳ ಸಾಲೊಂದೂ ಕಾಣಿಸಿದವು. ಮಿಯಾತ ಸಂಸ್ಥೆ 1972ನ್ನು 'ಎ' ಎಂದಿಟ್ಟುಕೊಂಡು ವರ್ಷಕ್ಕೊಂದು ಅಕ್ಷರದಂತೆ ಮುಂದೆ ಸಾಗಿತಾದ್ದರಿಂದ, 'ಎಲ್' ಎಂಬುದು 1983. ಹಿಂದಿನ ಗೇರು ಬದಲಿಸುವ ಸಾಧನ ಸನ್‌ಟೂರ್ ಸಂಸ್ಥೆಯದು; ಅದರ ಬೆನ್ನ ಮೇಲೆ ಉಗುರಿನಷ್ಟು ಜಾಗದಲ್ಲಿ 'ವೈ ಕೆ' ಎಂಬ ಎರಡಕ್ಷರ. ಸನ್‌ಟೂರಿನವರ ಎಣಿಕೆ 1958ರಿಂದ ಆರಂಭವಾಗಿ 1983ಕ್ಕೆ 'ಝಡ್' ಮುಟ್ಟುತ್ತದೆ, ಎರಡನೆಯ ಅಕ್ಷರ ತಿಂಗಳನ್ನು ಹೇಳುತ್ತದೆ. ಆದ್ದರಿಂದ ಇದು 1982ರ ನವೆಂಬರಿನಲ್ಲಿ ಹುಟ್ಟಿದ ಭಾಗ. ಬಿಡಿಭಾಗ ಮೊದಲು ತಯಾರಾಗಿ, ಕೆಲವು ತಿಂಗಳ ತರುವಾಯ ಫ್ರೇಮಿಗೆ ಜೋಡಣೆಯಾಗುವುದು ಸ್ವಾಭಾವಿಕವಾದ್ದರಿಂದ, ಈ ಎರಡು ಸಾಕ್ಷಿಗಳೂ ಒಂದನ್ನೊಂದು ಸಮರ್ಥಿಸುತ್ತವೆ. ಆದರೆ ಅದೇ ಸೈಕಲ್ಲಿನ ಹಿಂಬದಿಯ ಬ್ರೇಕು ಶಿಮಾನೊದ್ದಾಗಿದ್ದು ಅದರ ಒಳಮೈಯಲ್ಲಿ 'ಎಲ್ ಬಿ' ಎಂದಿತ್ತು. ಶಿಮಾನೊದವರ 'ಎ' ಎಂದರೆ 1976, ಹಾಗಾಗಿ 'ಎಲ್' ಎಂದರೆ 1987, 'ಬಿ' ಎಂದರೆ ಫೆಬ್ರವರಿ. ಒಂದೇ ಅಕ್ಷರ ಒಂದು ಸಂಸ್ಥೆಯಲ್ಲಿ ಒಂದು ವರ್ಷವನ್ನೂ ಮತ್ತೊಂದರಲ್ಲಿ ಬೇರೆ ವರ್ಷವನ್ನೂ ಸೂಚಿಸುವುದನ್ನು ಗಮನಿಸದೆ ಹೋದವರು ಇಲ್ಲಿ ಎಡವುತ್ತಾರೆ. ಚಂದ್ರವಳ್ಳಿಯ ನ್ಯಾಯದಂತೆ ಹೇಳುವುದಾದರೆ, ಸೈಕಲ್ಲು ಹುಟ್ಟಿದ್ದು 1983ರಲ್ಲಿ; ಇಂದು ಕಾಣುವ ರೂಪಕ್ಕೆ ಅದು ಬಂದದ್ದು 1987ರ ಫೆಬ್ರವರಿಗಿಂತ ಈಚೆಗೆ.

ಅಕ್ಷರಗಳು ಅಳಿಸಿಹೋದಾಗ ಆಕಾರವೇ ಮಾತನಾಡುತ್ತದೆ. ಇದಕ್ಕೆ ಸನ್‌ಟೂರಿನ ಕಥೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಹಿಂಚಕ್ರದ ಫ್ರೀವೀಲಿನ ಹಲ್ಲುಗಾಲಿಗಳು ಚಿಕ್ಕದರಿಂದ ದೊಡ್ಡದಕ್ಕೆ ಇಳಿಜಾರಾಗಿ ನಿಂತಿರುತ್ತವೆ. ಆದರೆ ಯುರೋಪಿನ ಗೇರು ಬದಲಿಸುವ ಸಾಧನಗಳಲ್ಲಿ ಚೈನನ್ನು ಅತ್ತಿತ್ತ ಒಯ್ಯುವ ಸಮಾಂತರ ಚತುರ್ಭುಜ ಅಕ್ಷಕ್ಕೆ ಸಮನಾಗಿ ಅಡ್ಡಡ್ಡ ಚಲಿಸುತ್ತಿದ್ದುದರಿಂದ, ಚಿಕ್ಕ ಗಾಲಿಯ ಕೆಳಗೆ ಅಂತರ ಹೆಚ್ಚಿ ಗೇರು ಬೀಳುವುದು ತಡವಾಗುತ್ತಿತ್ತು. ಸನ್‌ಟೂರ್ ಹೆಸರಿನ ಹಿಂದಿದ್ದ ಮಾಯೇದಾ ಸಂಸ್ಥೆಯ ನೊಬುವೊ ಒಝಾಕಿ 1964ರಲ್ಲಿ ಆ ಚತುರ್ಭುಜವನ್ನೇ ಓರೆಯಾಗಿ ಇಟ್ಟನು. ಆಗ ಚೈನನ್ನು ಹಿಡಿದ ಪಂಜರ ಗಾಲಿಗಳ ಇಳಿಜಾರನ್ನೇ ಅನುಸರಿಸಿ ಚಲಿಸಿ, ಪ್ರತಿಯೊಂದು ಗಾಲಿಯಿಂದಲೂ ಬಹುಮಟ್ಟಿಗೆ ಒಂದೇ ದೂರದಲ್ಲಿ ಉಳಿಯತೊಡಗಿತು. ರೇಖಾಗಣಿತದ ಇಷ್ಟು ಸಣ್ಣ ತಿದ್ದುಪಡಿಯಿಂದ ಅಷ್ಟು ದೊಡ್ಡ ಫಲ ದೊರೆತದ್ದನ್ನು ನೆನೆದಾಗಲೆಲ್ಲ ನನಗೆ ಆ ಯಂತ್ರಜ್ಞನ ಮೇಲೆ ಗೌರವ ಹುಟ್ಟುತ್ತದೆ. ಇಪ್ಪತ್ತು ವರ್ಷ ಪೇಟೆಂಟಿನ ರಕ್ಷಣೆಯಲ್ಲಿದ್ದ ಈ ರಚನೆ 1984ರಲ್ಲಿ ಎಲ್ಲರ ಕೈಗೂ ಬಂದಿತು. ಅದೇ ವರ್ಷ ಶಿಮಾನೊ ಓರೆ ಚತುರ್ಭುಜಕ್ಕೆ 'ಟಿಕ್' ಎಂದು ಸದ್ದುಮಾಡಿ ನಿಗದಿಯಾದ ಸ್ಥಾನದಲ್ಲಿ ನಿಲ್ಲುವ ಸನ್ನೆಯನ್ನು ಸೇರಿಸಿ ತನ್ನ ಡ್ಯೂರಾ-ಏಸ್ ಶ್ರೇಣಿಯಲ್ಲಿ ಹೊರತಂದಿತು. ಆದ್ದರಿಂದ ಶಿಮಾನೊ ಸನ್ನೆಯಲ್ಲಿ ಟಿಕ್ ಎಂಬ ನಿಲುಗಡೆಯಿದ್ದರೆ ಆ ಸನ್ನೆ 1984ರ ಈಚಿನದೆಂದು ಊಹಿಸಬಹುದು. ಹಿಂಚಕ್ರ ಕೂರುವ ಎರಡು ಕವಲುಗಳ ನಡುವಣ ಅಂತರವೂ ಹೀಗೆಯೇ ಸಾಕ್ಷಿಯಾಗುತ್ತದೆ: ಐದು ಗಾಲಿಯ ಫ್ರೀವೀಲಿನ ಕಾಲದಲ್ಲಿ ಅದು 120 ಮಿಲಿಮೀಟರು, ಆರು ಏಳು ಗಾಲಿಗಳು ಬಂದಾಗ 126.

ಕಾಲ ತಿಳಿಯಿತು, ದರ್ಜೆ ತಿಳಿಯಬೇಕು. ಅದಕ್ಕೆ ಕೊಳವೆಯ ಉಕ್ಕನ್ನು ಪರೀಕ್ಷಿಸತಕ್ಕದ್ದು, ಮತ್ತು ಇಲ್ಲಿ ಮಾತು ತಿರುಗಿ ನಮ್ಮ ಜಿಲ್ಲೆಗೇ ಬರುತ್ತದೆ. ಹೊಳಲ್ಕೆರೆಯ ಕಡೆಯ ಘಟ್ಟಿಹೊಸಹಳ್ಳಿಯಲ್ಲಿ ಹಿಂದಿನ ಕಾಲದ ಉಕ್ಕು ತಯಾರಕರು ಬಳಸಿ ಎಸೆದ ಮಣ್ಣಿನ ಮೂಸೆಗಳು ರಾಶಿಯಾಗಿ ದೊರೆತಿವೆ. ನಮ್ಮ ಭೂವಿಜ್ಞಾನಿ ಟಿ. ಆರ್. ಅನಂತರಾಮು ಅವರು ಬ್ರಿಟನ್ನಿನ ಪಾಲ್ ಕ್ರಾಡಕ್ ಮೊದಲಾದವರೊಡನೆ ಕೂಡಿ ಅವುಗಳ ವಿಷಯವಾಗಿ 1999ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಕಬ್ಬಿಣವನ್ನು ಇಂಗಾಲ ಕೊಡುವ ಸಸ್ಯವಸ್ತುವಿನೊಡನೆ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತೀವ್ರವಾಗಿ ಕಾಯಿಸಿ ಪಡೆಯುತ್ತಿದ್ದ ದಕ್ಷಿಣ ಭಾರತದ ಈ ಜಾತಿಯ ಉಕ್ಕು ಯುರೋಪಿನ ವಿಜ್ಞಾನಿಗಳ ಕುತೂಹಲವನ್ನು ಕೆರಳಿಸಿತು. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1819ರಲ್ಲಿ ಅದನ್ನು ವಿಶ್ಲೇಷಿಸಿ, ಸ್ಟೊಡಾರ್ಟ್ ಎಂಬ ಶಸ್ತ್ರಕಾರನೊಡನೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರಸಿ ನೋಡತೊಡಗಿದನು. ಅವರ ಪ್ರಯೋಗಗಳಿಂದ ಪ್ರೇರಿತನಾಗಿ ಫ್ರಾನ್ಸಿನ ಪಿಯೇರ್ ಬರ್ತಿಯೇ 1821ರಲ್ಲಿ ಉಕ್ಕಿಗೆ ಕ್ರೋಮಿಯಮ್ಮನ್ನು ಬೆರಸಿದನು. ಜಪಾನಿನ ಟಾಂಗೆ ಮತ್ತು ಇಶಿವಾಟ ಕಾರ್ಖಾನೆಗಳ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಕೊಳವೆ ಆ ಪರಂಪರೆಯ ಬಹುದೂರದ, ಆದರೆ ನಿಸ್ಸಂದೇಹವಾದ, ಸಂತಾನ. ಮೂಸೆಯ ಉಕ್ಕಿನಲ್ಲಿ ಇಂಗಾಲ ಶೇಕಡಾ ಒಂದಕ್ಕೂ ಮೀರಿರುತ್ತಿತ್ತು. ಸೈಕಲ್ಲಿನ ಕೊಳವೆಯಲ್ಲಿ ಅದು ಶೇಕಡಾ 0.3ರ ಆಸುಪಾಸು, ಕ್ರೋಮಿಯಂ ಸುಮಾರು ಶೇಕಡಾ 1, ಮಾಲಿಬ್ಡಿನಂ ಸುಮಾರು ಶೇಕಡಾ 0.2.

ಈ ಮಿಶ್ರಣದಿಂದ ಆಗುವ ಉಪಕಾರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಕ್ರೋಮಿಯಂ ಉಕ್ಕು ಹೆಚ್ಚು ಬಿಗುವಾದದ್ದೆಂದು, ಎಂದರೆ ಕಡಮೆ ಬಾಗುತ್ತದೆಂದು, ಹೇಳುವವರುಂಟು. ಅದು ನಿಜವಲ್ಲ. ಎಲ್ಲ ಬಗೆಯ ಉಕ್ಕಿನ ಸ್ಥಿತಿಸ್ಥಾಪಕತೆಯ ಗುಣಾಂಕವೂ ಬಹುಮಟ್ಟಿಗೆ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ವ್ಯತ್ಯಾಸವಿರುವುದು ಶಕ್ತಿಯಲ್ಲಿ: ಸಾಧಾರಣ ಉಕ್ಕು ಶಾಶ್ವತವಾಗಿ ಬಗ್ಗಿಹೋಗುವ ಒತ್ತಡವನ್ನು ಮಿಶ್ರ ಉಕ್ಕು ತಾಳಿಕೊಂಡು ಮೊದಲಿನ ಆಕಾರಕ್ಕೆ ಹಿಂದಿರುಗುತ್ತದೆ. ಆದಕಾರಣ ಅದರ ಗೋಡೆಯನ್ನು ತೆಳ್ಳಗೆ ಮಾಡಬಹುದು. ಎಲ್ಲೆಡೆಯೂ ಒಂದೇ ತೆಳುವಾಗಿ ಮಾಡಿದರೆ, ಹಿತ್ತಾಳೆಯ ಬೆಸುಗೆ ಹಾಕುವಾಗ ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುವ ಮತ್ತು ಸವಾರಿಯಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಎರಡು ತುದಿಗಳು ದುರ್ಬಲವಾಗುತ್ತವೆ; ಆದ್ದರಿಂದ ತುದಿಗಳನ್ನು ದಪ್ಪವಾಗಿಯೂ ನಡುವನ್ನು ತೆಳುವಾಗಿಯೂ ಎಳೆಯುವ ಉಪಾಯಕ್ಕೆ ಇಂಗ್ಲೆಂಡಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿಯೇ ಪೇಟೆಂಟು ಪಡೆದಿದ್ದನು. ಟಾಂಗೆಯ ಎರಡನೆಯ ನಂಬರಿನ ಕೊಳವೆಯಲ್ಲಿ ತುದಿಯ ಗೋಡೆ 0.9 ಮಿಲಿಮೀಟರು, ನಡುವಿನದು 0.6. ಹೊರಗಿನ ಅಳತೆ ಎಲ್ಲೆಡೆಯೂ ಒಂದೇ ಇರುವುದರಿಂದ ಕಣ್ಣಿಗೆ ಇದು ಕಾಣುವುದಿಲ್ಲ.

ಕಾಣದಿರುವ ಗೋಡೆಯನ್ನು ಅಳೆಯುವ ದಾರಿಯೊಂದುಂಟು, ಅದಕ್ಕೆ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿರುವ ವರ್ನಿಯರ್ ಕ್ಯಾಲಿಪರ್ ಸಾಕು. ಸೀಟನ್ನು ಹೊತ್ತ ಕಂಬಿಯನ್ನು ಹೊರಗೆಳೆದು ಅದರ ವ್ಯಾಸವನ್ನು ನೋಡಬೇಕು. ಸೀಟಿನ ಕೊಳವೆಯ ಹೊರವ್ಯಾಸ ಈ ಜಾತಿಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 28.6 ಮಿಲಿಮೀಟರು. ಕಂಬಿಯ ವ್ಯಾಸ 27.2 ಇದ್ದರೆ ಉಳಿಯುವುದು 1.4, ಎರಡು ಗೋಡೆಗಳಿಗೆ ಹಂಚಿದರೆ 0.7, ಕಂಬಿ ಜಾರುವುದಕ್ಕೆ ಬೇಕಾದ ಸಡಿಲವನ್ನು ಕಳೆದರೆ ಗೋಡೆ ಸುಮಾರು 0.6. ಅದು ಉತ್ತಮ ದರ್ಜೆಯ ಕೊಳವೆಯ ಲಕ್ಷಣ. ಕಂಬಿ 25.8ರ ಆಸುಪಾಸಿನದಾದರೆ ಗೋಡೆ ಅದರ ಎರಡರಷ್ಟಾಯಿತು. ಮೇಲೆ ಎಷ್ಟೇ ಭವ್ಯವಾದ ಚೀಟಿಯಿದ್ದರೂ ಆ ಫ್ರೇಮಿನ ಸೀಟಿನ ಕೊಳವೆ ಸಾಧಾರಣ ದಪ್ಪ ಉಕ್ಕಿನದೆಂದೇ ತಿಳಿಯಬೇಕು. ಇಂಥ ಸೈಕಲ್ಲು ಕೆಟ್ಟದ್ದೆಂದಲ್ಲ, ನಮ್ಮ ರಸ್ತೆಗಳಲ್ಲಿ ಅದು ಬಹುಕಾಲ ಬಾಳೀತು. ಆದರೆ ಎರಡಕ್ಕೂ ಒಂದೇ ಬೆಲೆ ಹೇಳುವುದು ಅಪ್ರಾಮಾಣಿಕತೆ.

ಜಪಾನಿಗರು ತಿರುಪಿನ ಅಳತೆಯಲ್ಲಿ ಬರ್ಮಿಂಗ್‌ಹ್ಯಾಮಿನ ಕ್ರಮವನ್ನೇ ಸ್ವೀಕರಿಸಿದ್ದು ನಮಗೆ ಅನುಕೂಲವಾಯಿತು. ಬಿ.ಬಿ. ಡಬ್ಬಿಯ ಒಳತಿರುಪು 1.37 ಇಂಚು ವ್ಯಾಸದ್ದು, ಇಂಚಿಗೆ 24 ಸುತ್ತು. ಬಲಗಡೆಯ ಕಪ್ಪಿನ ತಿರುಪು ಎಡಕ್ಕೆ ಬಿಗಿಯುವಂಥದು. ಬಲಗಡೆಯದಕ್ಕೆ ಈ ವಿಪರ್ಯಾಸವೇಕೆಂದು ಕೇಳುವವರಿಗೆ ಉತ್ತರ ಯಂತ್ರಶಾಸ್ತ್ರದಲ್ಲಿದೆ: ಪೆಡಲ್ಲಿನ ಭಾರ ಅಕ್ಷದೊಡನೆ ಸುತ್ತುತ್ತ ಕಪ್ಪನ್ನು ಡಬ್ಬಿಯ ಒಳಗೋಡೆಗೆ ಒಂದೊಂದೇ ಕಡೆ ಒತ್ತುತ್ತ ಹೋದಾಗ, ಸೂಕ್ಷ್ಮವಾಗಿ ಸಡಿಲವಿರುವ ಕಪ್ಪು ಅಕ್ಷದ ಚಲನೆಗೆ ವಿರುದ್ಧ ದಿಕ್ಕಿನಲ್ಲಿ ಉರುಳುವ ಪ್ರವೃತ್ತಿಯನ್ನು ತಾಳುತ್ತದೆ. ಬಲಗಡೆಯಲ್ಲಿ ಮಾಮೂಲಿ ತಿರುಪಿದ್ದರೆ ಅದು ತುಳಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಫ್ರಾನ್ಸ್ ಮತ್ತು ಇಟಲಿಯ ಹಳೆಯ ಫ್ರೇಮುಗಳಲ್ಲಿ ಎರಡೂ ಕಡೆ ಒಂದೇ ತಿರುಪು. ಬಲಗಪ್ಪು ಎಡತಿರುಪಿನದೆಂದು ಕಂಡುಬಂದರೆ ಆ ಎರಡು ದೇಶಗಳನ್ನು ಬಹುಮಟ್ಟಿಗೆ ಪಟ್ಟಿಯಿಂದ ತೆಗೆದುಹಾಕಬಹುದು.

ಬೆಲೆಯ ನಿರ್ಣಯದಲ್ಲಿ ದರ್ಜೆಗಿಂತಲೂ ಮುಖ್ಯವಾದದ್ದು ಫ್ರೇಮಿನ ಆರೋಗ್ಯ. ಹ್ಯಾಂಡಲ್ಲಿನ ಕೊಳವೆಗೆ ತಾಗಿದಂತೆ, ಮೇಲಿನ ಹಾಗೂ ಕೆಳಗಿನ ಕೊಳವೆಗಳ ಅಡಿಭಾಗದಲ್ಲಿ, ಬೆರಳ ತುದಿಯನ್ನು ನಿಧಾನವಾಗಿ ಆಡಿಸಬೇಕು. ಎದುರಿನಿಂದ ಡಿಕ್ಕಿಯಾದ ಸೈಕಲ್ಲಿನಲ್ಲಿ ಅಲ್ಲಿ ಕಣ್ಣಿಗೆ ಕಾಣದ ಅಲೆಯೊಂದು ಬೆರಳಿಗೆ ಸಿಗುತ್ತದೆ. ಆಮೇಲೆ ಹಿಂಚಕ್ರವನ್ನು ಕಳಚಿ, ಹಿಂದಿನ ಒಂದು ಕವಲಿಗೆ ದಾರ ಕಟ್ಟಿ, ಅದನ್ನು ಹ್ಯಾಂಡಲ್ಲಿನ ಕೊಳವೆಯನ್ನು ಬಳಸಿ ತಂದು ಮತ್ತೊಂದು ಕವಲಿಗೆ ಬಿಗಿದು, ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ದೂರವನ್ನು ಅಳೆಯಬೇಕು. ಒಂದು ಮಿಲಿಮೀಟರಿನ ವ್ಯತ್ಯಾಸ ಕ್ಷಮ್ಯ. ನಾಲ್ಕೈದಾದರೆ ಫ್ರೇಮು ಓರೆಯಾಗಿದೆ. ಇದಕ್ಕಿಂತ ಅಗ್ಗವಾದ, ಇದಕ್ಕಿಂತ ನಂಬಲರ್ಹವಾದ ಪರೀಕ್ಷೆಯನ್ನು ನಾನು ಕಂಡಿಲ್ಲ, ಮತ್ತು ಇದನ್ನು ಮಾಡಲು ಬಿಡದ ಮಾರಾಟಗಾರನಿಂದ ಕೊಳ್ಳಬಾರದೆಂದು ಎಲ್ಲರಿಗೂ ಹೇಳುತ್ತೇನೆ.

ತುಕ್ಕಿನ ವಿಷಯದಲ್ಲಿ ನಮ್ಮ ಬಯಲುಸೀಮೆ ಸೈಕಲ್ಲಿಗೆ ದಯಾಮಯಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ರ ಕೆಳಗಿರುವಷ್ಟು ಹೊತ್ತು ಉಕ್ಕಿನ ಮೇಲೆ ತುಕ್ಕು ಬಹು ಮೆಲ್ಲಗೆ ಹತ್ತುತ್ತದೆ. ಆರ್ದ್ರತೆ ಅದನ್ನು ಮೀರಿ ಉಪ್ಪೂ ಸೇರಿದಾಗ, ಕರಾವಳಿಯಲ್ಲಿ ಆಗುವಂತೆ, ವೇಗ ಹಲವು ಪಟ್ಟು ಹೆಚ್ಚುತ್ತದೆ. ಹಿರಿಯೂರಿನ ಅಟ್ಟದಲ್ಲಿ ಮೂವತ್ತು ವರ್ಷ ಮಲಗಿದ್ದ ಫ್ರೇಮು, ಮಂಗಳೂರಿನ ಜಗಲಿಯಲ್ಲಿ ಹತ್ತು ವರ್ಷ ನಿಂತದ್ದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವುದು ಸಂಭಾವ್ಯ. ಆದರೂ ಸೀಟಿನ ಕೊಳವೆಯ ಮೂಲಕ ಇಳಿದ ಮಳೆನೀರು ಬಿ.ಬಿ. ಡಬ್ಬಿಯಲ್ಲಿ ನಿಲ್ಲುವುದರಿಂದ, ಅಲ್ಲಿಗೊಮ್ಮೆ ಟಾರ್ಚು ಹಾಕಿ ನೋಡಲೇಬೇಕು. ಅಲ್ಯುಮಿನಿಯಂ ಕಂಬಿ ಉಕ್ಕಿನ ಕೊಳವೆಯೊಳಗೆ ವರ್ಷಾನುಗಟ್ಟಲೆ ಅಲುಗದೆ ಇದ್ದರೆ, ತೇವಾಂಶದ ಸಮ್ಮುಖದಲ್ಲಿ ಎರಡು ಲೋಹಗಳು ವಿದ್ಯುತ್ಕೋಶದ ಎರಡು ಧ್ರುವಗಳಂತೆ ವರ್ತಿಸಿ, ಅಲ್ಯುಮಿನಿಯಮ್ಮಿನ ಆಕ್ಸೈಡು ಉಬ್ಬಿ ಕಂಬಿಯನ್ನು ಕಚ್ಚಿಹಿಡಿಯುತ್ತದೆ. ಅಲುಗಾಡದ ಕಂಬಿಯಿರುವ ಸೈಕಲ್ಲಿನ ಬೆಲೆಯಲ್ಲಿ ಧಾರಾಳವಾಗಿ ಕಡಿತ ಕೇಳುವುದು ನ್ಯಾಯ. ನಮ್ಮ ಒಣ ಬಿಸಿಲು ಉಕ್ಕನ್ನು ಕಾಪಾಡಿದಷ್ಟೇ ನಿಷ್ಕರುಣೆಯಿಂದ ರಬ್ಬರನ್ನು ಸೀಳುತ್ತದೆ. ಮೂಲಬಣ್ಣ ಅಲ್ಲಲ್ಲಿ ಉದುರಿದ್ದರೂ ಅದನ್ನು ಉಳಿಸಿಕೊಳ್ಳುವುದು ವಿವೇಕ. ಹೊಸ ಬಣ್ಣ ಬಳಿದ ಫ್ರೇಮು ತನ್ನ ಗಾಯಗಳನ್ನು ಮರೆಮಾಡುತ್ತದೆ, ಬಲ್ಲ ಗ್ರಾಹಕ ಅದಕ್ಕೆ ಕಡಮೆಯನ್ನೇ ಕೊಡುತ್ತಾನೆ.

ಈ ಸೈಕಲ್ಲುಗಳ ಸಂಖ್ಯೆ ಒಂದು ಕಾಲಕ್ಕೆ ಸೀಮಿತವಾದದ್ದಕ್ಕೆ ಕಾರಣ ಅರ್ಥಶಾಸ್ತ್ರದ್ದು. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳ ಅರ್ಥಸಚಿವರು ಒಪ್ಪಂದ ಮಾಡಿಕೊಂಡ ಮೇಲೆ, ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಯೆನ್ನು ಎರಡು ಮೂರು ವರ್ಷಗಳೊಳಗೆ 130ಕ್ಕೂ ಕೆಳಗೆ ಬಂದು, ಜಪಾನಿನ ಸೈಕಲ್ಲು ಹೊರದೇಶದವರಿಗೆ ದುಬಾರಿಯಾಯಿತು. ತಯಾರಿಕೆ ಬಹುಮಟ್ಟಿಗೆ ತೈವಾನಿಗೆ ವರ್ಗವಾಯಿತು. ಆದ್ದರಿಂದ 1978ರಿಂದ 1987ರವರೆಗಿನ ಫ್ರೇಮುಗಳನ್ನೇ ಸಂಗ್ರಾಹಕರು ಹೆಚ್ಚಾಗಿ ಅರಸುವರು. ಬೆಲೆಯನ್ನು ಕಟ್ಟುವಾಗ ಕೇಳಿದ ಬೆಲೆಗಳನ್ನು ನಂಬದೆ, ಅದೇ ದರ್ಜೆಯ ಸೈಕಲ್ಲಿಗೆ ಯಾರಾದರೂ ಕೊಟ್ಟು ಕೊಂಡ ಬೆಲೆಯನ್ನು ಆಧಾರವಾಗಿಟ್ಟುಕೊಂಡು, ಅದರಿಂದ ಓಡುವ ಸ್ಥಿತಿಗೆ ತರುವ ಖರ್ಚನ್ನು ಕಳೆಯಬೇಕು: ಟೈರು, ಟ್ಯೂಬು, ಬ್ರೇಕ್ ರಬ್ಬರು, ವೈರು, ಚೈನು, ಬಾಲ್ಸು. ಸವಾರನ ಎತ್ತರಕ್ಕೆ ಒಗ್ಗದ ಫ್ರೇಮು ಎಷ್ಟೇ ಶ್ರೇಷ್ಠವಾದರೂ ಅವನ ಮಟ್ಟಿಗೆ ಅದಕ್ಕೆ ಬೆಲೆಯಿಲ್ಲ.

ಆ ಖರ್ಚುಗಳಲ್ಲಿ ಟೈರಿನದು ಸ್ವಲ್ಪ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಈ ಕಾಲದ ಅನೇಕ ಜಪಾನೀ ಸೈಕಲ್ಲುಗಳ ರಿಮ್ಮು 27 ಇಂಚಿನದು. ಟೈರಿನ ಅಂಚು ಕೂರುವ ವ್ಯಾಸ 630 ಮಿಲಿಮೀಟರು. ನಮ್ಮ ಕಪ್ಪು ಸೈಕಲ್ಲಿನ 28 ಇಂಚಿನ ಟೈರಿನದು 635. ಐದು ಮಿಲಿಮೀಟರಿನ ಈ ವ್ಯತ್ಯಾಸ ಕಣ್ಣಿಗೆ ತೋರದೆ ಟೈರು ಸುಲಭವಾಗಿ ಏರಿಬಿಡುತ್ತದೆ, ಆದರೆ ಗಾಳಿ ತುಂಬಿದಾಗ ಅಂಚು ಕಳಚಿ ಟ್ಯೂಬು ಸಿಡಿಯುತ್ತದೆ. ಈಚಿನ ರೇಸ್ ಸೈಕಲ್ಲುಗಳ ಟೈರಿನದು 622, ಅದು 27 ಇಂಚಿನ ರಿಮ್ಮಿಗೆ ಹತ್ತುವುದೇ ಇಲ್ಲ. 27 ಇಂಚಿನ ಟೈರು ದೊರೆಯದೆ ಚಕ್ರಗಳನ್ನೇ 622ರವಕ್ಕೆ ಬದಲಾಯಿಸುವುದಾದರೆ, ರಿಮ್ಮು ಎಲ್ಲ ಸುತ್ತಿನಲ್ಲಿಯೂ ನಾಲ್ಕು ಮಿಲಿಮೀಟರು ಒಳಕ್ಕೆ ಸರಿಯುವುದರಿಂದ, ಬ್ರೇಕ್ ರಬ್ಬರನ್ನು ಅಷ್ಟು ಕೆಳಗಿಳಿಸುವುದಕ್ಕೆ ಬ್ರೇಕಿನ ತೋಳಿನ ಸೀಳಿನಲ್ಲಿ ಜಾಗ ಉಳಿದಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಸ್ಕೇಲಿಟ್ಟು ನೋಡಿಕೊಳ್ಳತಕ್ಕದ್ದು.